ಎಡಸುತ್ತು, ಬಲಸುತ್ತು: ಕೈರಲ್ ನ್ಯಾನೋರಚನೆ ಮತ್ತು ವೃತ್ತೀಯ ಧ್ರುವೀಕೃತ ಬೆಳಕಿನ ಸಂಬಂಧವನ್ನು ನೀವೇ ಮಾಡಿ ನೋಡುವ ಸಮಗ್ರ ಮಾರ್ಗದರ್ಶಿ

ಬಣ್ಣದ ಪುಡಿ ಒಂದು ಚಿಟಿಕೆಯೂ ಇಲ್ಲದ ಅಂಟನ್ನು ಎರಡು ಗಾಜಿನ ಸ್ಲೈಡುಗಳ ನಡುವೆ ಒತ್ತಿ, ಹಿಂದೆ ಕಪ್ಪು ಕಾಗದ ಇಟ್ಟರೆ ಹಸಿರು ಹೊಳೆಯುತ್ತದೆ. 3ಡಿ ಸಿನಿಮಾ ಕನ್ನಡಕದ ಒಂದು ಮಸೂರದಿಂದ ನೋಡಿದರೆ ಆ ಹಸಿರು ಹಾಗೇ ಇರುತ್ತದೆ, ಇನ್ನೊಂದರಿಂದ ನೋಡಿದರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಬೆಳಕಿಗೂ ಎಡ-ಬಲ ಇದೆ, ವಸ್ತುವಿಗೂ ಎಡ-ಬಲ ಇದೆ, ಎರಡೂ ಒಂದನ್ನೊಂದು ಗುರುತಿಸುತ್ತವೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಪ್ರಯೋಗ ಬೇರೊಂದನ್ನು ನಾನು ಕಂಡಿಲ್ಲ.

ಈ ಬರಹ ಬಿಎಸ್ಸಿ, ಎಂಎಸ್ಸಿ ವಿದ್ಯಾರ್ಥಿಗಳಿಗೆ, ಕಾಲೇಜು ಪ್ರಯೋಗಾಲಯ ನಡೆಸುವ ಮೇಷ್ಟ್ರುಗಳಿಗೆ. ಮಾದರಿ ತಯಾರಿಸುವುದರಿಂದ ಹಿಡಿದು ಅಳೆದು ಒಂದು ಸಂಖ್ಯೆ ಬರೆಯುವವರೆಗೆ, ಅಲ್ಲಿಂದ ಚಿನ್ನದ ನ್ಯಾನೋಸುರುಳಿಗಳವರೆಗೆ ಹೋಗೋಣ. ದಾರಿಯುದ್ದಕ್ಕೂ ನಾನು ಒಂದೇ ಮಾತಿಗೆ ಮತ್ತೆ ಮತ್ತೆ ಬರುತ್ತೇನೆ: ಎಡ-ಬಲದ ವ್ಯತ್ಯಾಸ ಕಂಡಿತು ಎಂದಾಕ್ಷಣ ಕೈರಾಲಿಟಿ (ಎಡಗೈ-ಬಲಗೈಗಳಂತೆ, ತನ್ನ ಕನ್ನಡಿ ಪ್ರತಿರೂಪದ ಜೊತೆ ಸರಿಹೊಂದದ ಗುಣ; ಆ ಗುಣವಿರುವುದು ಕೈರಲ್) ಸಿಕ್ಕಿತು ಎನ್ನಬೇಡಿ. ಮಾದರಿಯನ್ನು ತಿರುಗಿಸಿ, ಮಗುಚಿ, ಸಾಧ್ಯವಾದರೆ ಅದರ ಕನ್ನಡಿ ಪ್ರತಿರೂಪವನ್ನೂ ಅಳೆದ ಮೇಲೆ ಮಾತ್ರ ಹೇಳಿ.

ಶುರುಮಾಡುವ ಮುನ್ನ ತಿಳಿದಿರಬೇಕಾದ ಭೌತಶಾಸ್ತ್ರ

ವೃತ್ತೀಯ ಧ್ರುವೀಕೃತ ಬೆಳಕಿನಲ್ಲಿ ವಿದ್ಯುತ್ ಕ್ಷೇತ್ರದ ದಿಕ್ಕು ಸುತ್ತುತ್ತಾ ಮುಂದೆ ಸಾಗುತ್ತದೆ. ಒಂದು ಕ್ಷಣದಲ್ಲಿ ಅದನ್ನು ಹಿಡಿದು ನಿಲ್ಲಿಸಿ ನೋಡಿದರೆ ಅದು ಸಾಗುವ ದಾರಿಯುದ್ದಕ್ಕೂ ಒಂದು ಸುರುಳಿ ಕಾಣುತ್ತದೆ, ಆ ಸುರುಳಿಯ ಒಂದು ಪೂರ್ಣ ಸುತ್ತು ಒಂದು ತರಂಗಾಂತರದಷ್ಟು ಉದ್ದ. ಬೆಳಕು ಬರುವ ಕಡೆಗೆ ಮುಖಮಾಡಿ ನಿಂತಾಗ ಕ್ಷೇತ್ರ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ದ್ಯುತಿವಿಜ್ಞಾನದಲ್ಲಿ ಅದನ್ನು ಬಲಸುತ್ತು ಎನ್ನುತ್ತಾರೆ. ರೇಡಿಯೋ ಎಂಜಿನಿಯರುಗಳು ಇದಕ್ಕೆ ತದ್ವಿರುದ್ಧವಾಗಿ ಹೆಸರಿಡುತ್ತಾರೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ನೀವು ಯಾವ ಪದ್ಧತಿ ಅನುಸರಿಸುತ್ತಿದ್ದೀರಿ ಎಂದು ಬರೆದಿಡಿ. ಇಲ್ಲಿ ನಾನು ದ್ಯುತಿವಿಜ್ಞಾನದ ಪದ್ಧತಿಯನ್ನೇ ಬಳಸಿದ್ದೇನೆ.

ಸಾಮಾನ್ಯ ಅಣುಗಳೂ ಕೈರಲ್ ಆಗಿರಬಹುದು. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಎಡ-ಬಲ ಎಂದು ಬೇರ್ಪಡಿಸಿದ್ದು ಅದನ್ನೇ ತೋರಿಸಿತು. ಆದರೆ ಅಣುವಿನ ಗಾತ್ರ ಒಂದು ನ್ಯಾನೋಮೀಟರ್ ಆಸುಪಾಸು, ಹಸಿರು ಬೆಳಕಿನ ಸುರುಳಿಯ ಸುತ್ತು 550 ನ್ಯಾನೋಮೀಟರ್. ಅಣುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಬೆಳಕಿನ ಕ್ಷೇತ್ರ ತಿರುಗುವುದು ಒಂದು ಡಿಗ್ರಿಗೂ ಕಡಿಮೆ. ಅಷ್ಟು ಸಣ್ಣ ತಿರುವಿನಿಂದ ಎಡ-ಬಲವನ್ನು ಬೇರ್ಪಡಿಸುವುದು ಕಷ್ಟ, ಹಾಗಾಗಿ ಅಣುಗಳಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಸಾವಿರದಲ್ಲೊಂದು ಪಾಲು ಅಥವಾ ಅದಕ್ಕಿಂತ ಕಡಿಮೆ. ರಚನೆಯ ಸುರುಳಿಯೇ ಕೆಲವು ನೂರು ನ್ಯಾನೋಮೀಟರಿಗೆ ಬೆಳೆದರೆ ಲೆಕ್ಕ ಬದಲಾಗುತ್ತದೆ. ಬೆಳಕಿನ ಸುರುಳಿಯೂ ವಸ್ತುವಿನ ಸುರುಳಿಯೂ ಒಂದೇ ಅಳತೆಗೆ ಬಂದಾಗ ಒಂದು ಸುತ್ತಿನ ಬೆಳಕು ಪೂರ್ತಿ ಹಿಂದಿರುಗಿ, ಇನ್ನೊಂದು ಸುತ್ತಿನದು ಏನೂ ಆಗದಂತೆ ಹಾದುಹೋಗಬಹುದು.

ಇದನ್ನು ನ್ಯಾನೋ ಕಾಲಕ್ಕಿಂತ ಎಷ್ಟೋ ಮೊದಲೇ ದೊಡ್ಡ ಅಳತೆಯಲ್ಲಿ ಮಾಡಿ ತೋರಿಸಿದವರು ಕಲ್ಕತ್ತೆಯ ಜಗದೀಶಚಂದ್ರ ಬೋಸ್. 1898ರಲ್ಲಿ ಅವರು ಸೆಣಬಿನ ನಾರನ್ನು ಎಡಕ್ಕೂ ಬಲಕ್ಕೂ ಹುರಿಮಾಡಿ, ಆ ಕಟ್ಟುಗಳ ಮೂಲಕ ಮೈಕ್ರೋತರಂಗ ಹಾಯಿಸಿ, ಧ್ರುವೀಕರಣದ ತಲ ವಿರುದ್ಧ ದಿಕ್ಕುಗಳಿಗೆ ತಿರುಗುವುದನ್ನು ತೋರಿಸಿದರು. ತರಂಗ ದೊಡ್ಡದಾದ್ದರಿಂದ ಸುರುಳಿಯೂ ಕಣ್ಣಿಗೆ ಕಾಣುವಷ್ಟು ದೊಡ್ಡದಿತ್ತು, ತತ್ವ ಮಾತ್ರ ಇದೇ.

ಹಂತ 1: ಕನ್ನಡಕ ಸರಿಯಾದದ್ದೇ ಎಂದು ಖಚಿತಪಡಿಸಿಕೊಳ್ಳಿ

ಬೇಕಾದದ್ದು ವೃತ್ತೀಯ ಧ್ರುವೀಕರಣದ 3ಡಿ ಕನ್ನಡಕ. ರಿಯಲ್‌ಡಿ ಪದ್ಧತಿಯ ಚಿತ್ರಮಂದಿರಗಳದ್ದು, ಬ್ಯಾಟರಿ ಇಲ್ಲದ ಹಳೆಯ 3ಡಿ ಟಿವಿಗಳದ್ದು ಆಗುತ್ತದೆ. ಬ್ಯಾಟರಿ ಇರುವ ಶಟರ್ ಕನ್ನಡಕ ಬೇಡ. ಕೆಂಪು-ನೀಲಿ ಕಾಗದದ್ದೂ ಬೇಡ.

ಪರೀಕ್ಷೆ ಸುಲಭ. ಕನ್ನಡಕ ಹಾಕಿ, ಕನ್ನಡಿ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನ ಮೇಲಿನ ಮಸೂರವೇ ಕಪ್ಪಾಗಿ, ಮುಚ್ಚಿದ ಕಣ್ಣು ಸ್ಪಷ್ಟವಾಗಿ ಕಂಡರೆ ಅದು ವೃತ್ತೀಯ ಕನ್ನಡಕ. ತೆರೆದ ಕಣ್ಣು ಕಂಡು, ಮುಚ್ಚಿದ ಕಣ್ಣಿನ ಮಸೂರ ಕಪ್ಪಾದರೆ ರೇಖೀಯ ಕನ್ನಡಕ. ಈ ಕೆಲಸಕ್ಕೆ ಬಾರದು. ಕಾರಣವೂ ನಮ್ಮ ವಿಷಯದ್ದೇ: ಕನ್ನಡಿಯಲ್ಲಿ ಬೆಳಕು ಸಾಗುವ ದಿಕ್ಕು ತಿರುವುಮುರುವಾಗುತ್ತದೆ, ಕ್ಷೇತ್ರ ಸುತ್ತುವ ದಿಕ್ಕು ಹಾಗೇ ಉಳಿಯುತ್ತದೆ. ಹಾಗಾಗಿ ಬಲಸುತ್ತಾಗಿ ಹೋದದ್ದು ಎಡಸುತ್ತಾಗಿ ಮರಳಿ, ತಾನು ಹೊರಟ ಮಸೂರದಲ್ಲೇ ತಡೆಯಲ್ಪಡುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮೂರನೇ ಹಂತದಲ್ಲಿ ಬೇಕಾಗುತ್ತದೆ.

ಕನ್ನಡಕಕ್ಕೆ ಒಳಮೈ, ಹೊರಮೈ ಇದೆ. ಹೊರಗೆ ವೃತ್ತೀಯ ಬೆಳಕನ್ನು ರೇಖೀಯವಾಗಿಸುವ ಕಾಲು-ತರಂಗ ಫಲಕ, ಒಳಗೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ರೇಖೀಯ ಧ್ರುವಕ. ಮಾದರಿ ನೋಡುವಾಗ ಹೊರಮೈ ಮಾದರಿಯ ಕಡೆಗೇ ಇರಬೇಕು. ಹಿಂದುಮುಂದಾಗಿ ಹಿಡಿದರೆ ಎರಡೂ ಮಸೂರಗಳಲ್ಲಿ ಒಂದೇ ರೀತಿ ಕಾಣುತ್ತದೆ, ಪ್ರಯೋಗ ಕೆಟ್ಟಿತು ಎಂದು ಸುಮ್ಮನೆ ಗಾಬರಿಯಾಗುತ್ತದೆ.

ಹಂತ 2: ಬಲಸುತ್ತಿನ ಮಾದರಿ ತಯಾರಿಸಿ

ವಸ್ತುವಿನ ಹೆಸರು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್. ಔಷಧದ ಮಾತ್ರೆಗಳಲ್ಲಿ ಅಂಟಾಗಿ ಬಳಸುವ ಬಿಳಿ ಪುಡಿ, ಆಹಾರದಲ್ಲೂ ಇ463 ಎಂಬ ಸಂಖ್ಯೆಯಲ್ಲಿ ಬಳಕೆಯಲ್ಲಿದೆ. ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಬೇರೆಯದೇ ವಸ್ತು. ಹೆಸರಿನ ಹೋಲಿಕೆಯಿಂದ ಅಂಗಡಿಯವರು ಅದನ್ನೇ ಕೊಟ್ಟುಬಿಡುವುದುಂಟು, ಆರ್ಡರ್ ಮಾಡುವಾಗ ಹೆಸರನ್ನು ಎರಡು ಸಲ ಓದಿ. ಅಣುತೂಕ ಕಡಿಮೆ ಇರುವ, ಸುಮಾರು 1 ಲಕ್ಷ ಅಥವಾ ಅದಕ್ಕಿಂತ ಕೆಳಗಿನ ದರ್ಜೆ ತರಿಸಿ. ಹೆಚ್ಚಿನದಾದರೆ ಅಂಟು ಗಟ್ಟಿಯಾಗಿ ಕಲಸಲಿಕ್ಕೇ ಆಗದು.

ತೂಕದಲ್ಲಿ 65% ಮಿಶ್ರಣದಿಂದ ಆರಂಭಿಸಿ: 6.5 ಗ್ರಾಂ ಪುಡಿ, 3.5 ಗ್ರಾಂ ಶುದ್ಧೀಕರಿಸಿದ ನೀರು. ಇಷ್ಟು ಕಡಿಮೆ ನೀರಿನಲ್ಲಿ ಇಷ್ಟು ಪುಡಿ ಕರಗೀತೇ ಎಂದು ಅನುಮಾನ ಬರುತ್ತದೆ. ಕರಗುತ್ತದೆ, ಸಮಯ ಬೇಕು. ಮುಚ್ಚಳ ಬಿಗಿಯಾಗುವ ಬಾಟಲಿಯಲ್ಲಿ ಹಾಕಿ, ಗಾಜಿನ ಕಡ್ಡಿಯಿಂದ ಕಲಸಿ, ಮುಚ್ಚಿ, ತಂಪಾದ ಜಾಗದಲ್ಲಿ ಕೆಲವು ದಿನ ಬಿಡಿ. ನಡುನಡುವೆ ಮತ್ತೆ ಕಲಸಿ. ನೀರು ಬಿಸಿ ಮಾಡಬೇಡಿ. ಈ ಪಾಲಿಮರ್ ತಣ್ಣೀರಿನಲ್ಲಿ ಕರಗಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರ್ಪಟ್ಟು ಬೆಳ್ಳಗಾಗುತ್ತದೆ. ಪಾತ್ರೆ ತೊಳೆಯುವುದೂ ತಣ್ಣೀರಿನಲ್ಲೇ.

ಮೊದಲಿಗೆ ಎಲ್ಲವೂ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಅದು ಗಾಳಿಗುಳ್ಳೆಗಳ ಕೆಲಸ. ರಸಾಯನಶಾಸ್ತ್ರ ವಿಭಾಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಗುಳ್ಳೆ ಹೋಗಿ ಬಣ್ಣ ಮೇಲೆ ಬರುತ್ತದೆ. ಸೆಂಟ್ರಿಫ್ಯೂಜ್ ಇಲ್ಲದಿದ್ದರೆ ಕಾಯುವುದೇ ದಾರಿ.

ಗುಳ್ಳೆ ಹೋದ ಮೇಲೆ ಒಂದು ಸ್ಲೈಡಿನ ಅಂಚಿಗೆ ಸುಮಾರು 0.3 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಸುತ್ತಲೂ ಇಟ್ಟು, ನಡುವೆ ಅಂಟು ಹಾಕಿ, ಇನ್ನೊಂದು ಸ್ಲೈಡ್ ಒತ್ತಿ, ಅಂಚನ್ನು ಎಪಾಕ್ಸಿಯಿಂದ ಮುಚ್ಚಿ. ಪ್ಲಾಸ್ಟಿಕ್ ಹಾಳೆ ಬಳಸಲೇಬೇಡಿ. ಓಎಚ್‌ಪಿ ಹಾಳೆಯಂಥವು ತಾವೇ ಧ್ರುವೀಕರಣವನ್ನು ಬದಲಿಸುತ್ತವೆ. ಒತ್ತಿದ ಕೂಡಲೇ ಬಣ್ಣ ಕಲಕಿಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಸುರುಳಿಗಳು ಮತ್ತೆ ಸಾಲಾಗಿ ಬಣ್ಣ ಮರಳುತ್ತದೆ. ಒಂದು ಬದಿಗೆ ಕಪ್ಪು ಕಾಗದ ಇಡಿ, ಅಂಟಿಸಬೇಡಿ. ಮುಂದೆ ಮಾದರಿಯನ್ನು ಮಗುಚಬೇಕು.

ಬಣ್ಣ ಕೆಂಪಾಗಿದ್ದರೆ ಪುಡಿಯ ಪ್ರಮಾಣ ಕಡಿಮೆಯಾಗಿದೆ, ನೀಲಿಯಾಗಿದ್ದರೆ ಹೆಚ್ಚಾಗಿದೆ. ಗೋಚರ ಬಣ್ಣಗಳೆಲ್ಲ ಸುಮಾರು 60ರಿಂದ 70% ನಡುವೆ ಸಿಗುತ್ತವೆ, ನಿಖರವಾದ ಅಂಕಿ ಪುಡಿಯ ದರ್ಜೆಯನ್ನು ಅವಲಂಬಿಸಿದೆ.

ಹಂತ 3: ನೋಡಿ

ಬಿಸಿಲು ಅಥವಾ ಬಿಳಿ ಎಲ್‌ಇಡಿ ಟಾರ್ಚ್ ಸಾಕು. ಮೊಬೈಲ್ ಪರದೆಯ ಬೆಳಕು ಮೊದಲೇ ಧ್ರುವೀಕೃತವಾಗಿರುವುದರಿಂದ ಬೇಡ. ಮಾದರಿಗೆ ಹೆಚ್ಚುಕಡಿಮೆ ನೇರವಾಗಿ ಬೆಳಕು ಬಿಟ್ಟು, ಒಂದೊಂದೇ ಮಸೂರದಿಂದ ನೋಡಿ.

ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕಪ್ಪು. ಗಾಜಿನ ಮೇಲ್ಮೈಯ ಬಿಳಿ ಹೊಳಪು ಎರಡರಲ್ಲೂ ಸಮನಾಗಿ ಉಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀರಿನಲ್ಲಿರುವ ಈ ಪಾಲಿಮರ್ ಬಲಸುತ್ತಿನ ಸುರುಳಿ ಕಟ್ಟಿ ಬಲಸುತ್ತಿನ ಬೆಳಕನ್ನೇ ಹಿಂದಿರುಗಿಸುತ್ತದೆ ಎಂಬುದು ಚೆನ್ನಾಗಿ ಸ್ಥಾಪಿತವಾದ ಸಂಗತಿ. ಆದ್ದರಿಂದ ಹಸಿರು ಕಂಡ ಮಸೂರದ ಮೇಲೆ 'ಬಲ' ಎಂದು ಪಟ್ಟಿ ಅಂಟಿಸಿ. ಮುಂದಿನ ಎಲ್ಲ ಮಾದರಿಗಳಿಗೂ ಇದೇ ನಿಮ್ಮ ಮಾನದಂಡ.

ಒಳಗೆ ನಡೆಯುವುದೇನು? ಪಾಲಿಮರ್ ಸರಪಳಿಗಳು ಪದರಪದರವಾಗಿ ಮಲಗಿವೆ, ಪ್ರತಿ ಪದರವೂ ಕೆಳಗಿನದಕ್ಕಿಂತ ಕೊಂಚ ತಿರುಗಿದೆ. ಪೂರ್ತಿ 360 ಡಿಗ್ರಿ ತಿರುಗಲು ಬೇಕಾದ ದೂರವನ್ನು ಪಿಚ್ ಎನ್ನುತ್ತಾರೆ. ವಸ್ತುವಿನೊಳಗಿನ ತರಂಗಾಂತರ ಪಿಚ್‌ಗೆ ಸಮನಾದಾಗ ಬಲಸುತ್ತಿನ ಬೆಳಕಿನ ಸುರುಳಿ ಪದರಗಳ ಸುರುಳಿಯ ಮೇಲೆ ಸರಿಯಾಗಿ ಕೂರುತ್ತದೆ. ಪ್ರತಿ ಪದರದಿಂದ ಚಿಮ್ಮುವ ಅಲ್ಪ ಬೆಳಕು ಒಂದಕ್ಕೊಂದು ಕೂಡಿಕೊಂಡು ಪ್ರಬಲ ಪ್ರತಿಫಲನವಾಗುತ್ತದೆ. ಎಡಸುತ್ತಿನ ಬೆಳಕಿಗೆ ಈ ಪದರಗಳ ತಿರುವು ಹೊಂದುವುದೇ ಇಲ್ಲ, ಅದು ಹಾದು ಹೋಗಿ ಕಪ್ಪು ಕಾಗದದಲ್ಲಿ ಇಂಗುತ್ತದೆ. ಸಾಮಾನ್ಯ ಬೆಳಕಿನಲ್ಲಿ ಎರಡೂ ಅರ್ಧರ್ಧ ಇರುವುದರಿಂದ ಇಂಥ ಒಂದು ಪದರ ಎಷ್ಟೇ ಚೆನ್ನಾಗಿದ್ದರೂ 50%ಗಿಂತ ಹೆಚ್ಚು ಪ್ರತಿಫಲಿಸದು.

ಕನ್ನಡಿಯ ಮಾತು ಈಗ ನೆನಪಿಸಿಕೊಳ್ಳಿ. ಕನ್ನಡಿ ಬಲವನ್ನು ಎಡ ಮಾಡುತ್ತದೆ. ಈ ಸುರುಳಿ ಬಲವನ್ನು ಬಲವಾಗಿಯೇ ಹಿಂದಿರುಗಿಸುತ್ತದೆ. ಯಾವ ಲೋಹದ ಕನ್ನಡಿಯೂ ಮಾಡಲಾರದ ಕೆಲಸ ಇದು.

ಹಂತ 4: ಪಿಚ್ ಲೆಕ್ಕ ಹಾಕಿ, ಬದಲಿಸಿ ನೋಡಿ

ಸೂತ್ರ: ಪ್ರತಿಫಲಿತ ತರಂಗಾಂತರ = ಸರಾಸರಿ ವಕ್ರೀಭವನ ಸೂಚ್ಯಂಕ × ಪಿಚ್ × ವಸ್ತುವಿನೊಳಗಿನ ಕೋನದ ಕೊಸೈನ್.

ಸೂಚ್ಯಂಕ 1.42 ಎಂದು ಹಿಡಿದು, ನೇರವಾಗಿ ನೋಡಿದಾಗ 550 ನ್ಯಾನೋಮೀಟರ್ ಹಸಿರು ಕಂಡರೆ ಪಿಚ್ ಸುಮಾರು 387 ನ್ಯಾನೋಮೀಟರ್. ಮಾದರಿಯ ದಪ್ಪ 0.3 ಮಿಲಿಮೀಟರ್ ಇದ್ದರೆ ಅದರೊಳಗೆ ಸುಮಾರು 775 ಪೂರ್ಣ ಸುತ್ತುಗಳಿವೆ! ಇನ್ನು ಮಾದರಿಯನ್ನು ಓರೆ ಮಾಡಿ. ಹೊರಗಿನ ಕೋನ 45 ಡಿಗ್ರಿಯಾದಾಗ ಒಳಗಿನ ಕೋನ ಸುಮಾರು 30 ಡಿಗ್ರಿ, ಬಣ್ಣ 477 ನ್ಯಾನೋಮೀಟರಿಗೆ, ಅಂದರೆ ನೀಲಿಗೆ ಜಾರಬೇಕು. ಜಾರುತ್ತದೆ ಕೂಡ.

ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಪಿಚ್ ಹಿಗ್ಗಿ ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಬೆರಳಿನಿಂದ ಒತ್ತಿದರೆ ಪದರಗಳು ಹತ್ತಿರವಾಗಿ ನೀಲಿಯ ಕಡೆಗೆ. ತರಗತಿಯಲ್ಲಿ ಇದನ್ನು ತೋರಿಸಿದಾಗ ಸಿಗುವ ಸ್ಪಂದನೆಗೆ ಯಾವ ಸ್ಲೈಡ್ ಶೋ ಕೂಡ ಸಾಟಿಯಾಗದು. ಬಣ್ಣ ಬದಲಾದರೂ ಹಸಿರು ಕಂಡ ಮಸೂರದಲ್ಲೇ ಕೆಂಪೂ ನೀಲಿಯೂ ಕಾಣುತ್ತವೆ ಎಂಬುದನ್ನು ಗಮನಿಸಿ: ಸುರುಳಿಯ ಅಳತೆ ಬದಲಾಯಿತು, ಸುತ್ತು ಬದಲಾಗಲಿಲ್ಲ.

ಹಂತ 5: ನಿಮ್ಮ ಫಲಿತಾಂಶವನ್ನೇ ಸಂಶಯಿಸಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು, ಅದಕ್ಕೇ ನಾನು ಇಲ್ಲಿ ನಿಲ್ಲುತ್ತೇನೆ.

ಮೊದಲು ಮಾದರಿಯನ್ನು ಅದರ ತಲದಲ್ಲೇ 90 ಡಿಗ್ರಿ ತಿರುಗಿಸಿ. ಎಡ-ಬಲ ಮಸೂರಗಳ ವ್ಯತ್ಯಾಸ ಬದಲಾಗಬಾರದು. ಬದಲಾದರೆ ನೀವು ನೋಡುತ್ತಿರುವುದರಲ್ಲಿ ರೇಖೀಯ ಧ್ರುವೀಕರಣ ಬೆರೆತಿದೆ. ಸ್ಲೈಡ್ ಒತ್ತುವಾಗ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡಿದ್ದರೆ ಹೀಗಾಗುತ್ತದೆ.

ಆಮೇಲೆ ಮಗುಚಿ. ಕಪ್ಪು ಕಾಗದ ಇನ್ನೊಂದು ಬದಿಗೆ ಹೋಗಲಿ. ಸ್ಕ್ರೂವನ್ನು ಯಾವ ತುದಿಯಿಂದ ನೋಡಿದರೂ ಬಲತಿರುವು ಬಲತಿರುವೇ ಆಗಿರುವಂತೆ, ನಿಜವಾದ ಮೂರು ಆಯಾಮದ ಸುರುಳಿ ಎರಡೂ ಬದಿಯಿಂದ ಒಂದೇ ಉತ್ತರ ಕೊಡಬೇಕು. ಹಾಳೆಯ ಮೇಲೆ ಬರೆದ ಸ್ವಸ್ತಿಕದಂಥ ಚಪ್ಪಟೆ ಆಕಾರವಾದರೆ ಹಿಂದಿನಿಂದ ನೋಡಿದಾಗ ಎಡ-ಬಲ ಅದಲುಬದಲಾಗುತ್ತದೆ. ಚಿನ್ನದ ಚಪ್ಪಟೆ ನ್ಯಾನೋ ಆಕಾರಗಳ ಸಂಶೋಧನೆಯಲ್ಲಿ ಇದೇ ದೊಡ್ಡ ಗೊಂದಲ, ಮಗುಚಿ ಅಳೆದರೆ ಅರ್ಧ ಸಂಶಯ ಅಲ್ಲೇ ತೀರುತ್ತದೆ.

ಕೊನೆಯದಾಗಿ ಕೈರಲ್ ಅಲ್ಲದ ಹೊಳಪೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪಿನ ಜೊತೆ ಮಕ್ಕಳು ಸಾಕುತ್ತಿದ್ದ ಜೀರ್ಜಿಂಬೆಯ ಕುಟುಂಬಕ್ಕೆ ಬುಪ್ರೆಸ್ಟಿಡೆ ಎಂದು ಹೆಸರು. ಅದರ ಲೋಹದಂಥ ಹಸಿರು ಬರುವುದು ತಿರುವಿಲ್ಲದ ತೆಳು ಪದರಗಳಿಂದ, ಹಾಗಾಗಿ ಎರಡೂ ಮಸೂರಗಳಲ್ಲಿ ಒಂದೇ ರೀತಿ ಕಾಣುತ್ತದೆ. ಸತ್ತುಬಿದ್ದದ್ದು ಸಿಕ್ಕರೆ ಸಾಕು, ಜೀವಂತ ಹುಳುವನ್ನು ಇದಕ್ಕಾಗಿ ಹಿಡಿಯಬೇಡಿ. ಸ್ಕಾರಬ್ ಕುಟುಂಬದ ಅನೇಕ ದುಂಬಿಗಳ ಕಥೆ ಬೇರೆ. 1911ರಲ್ಲಿ ಆಲ್ಬರ್ಟ್ ಮೈಕೆಲ್‌ಸನ್ ಮಧ್ಯ ಅಮೆರಿಕದ ಹೊಂಬಣ್ಣದ ಸ್ಕಾರಬ್ ದುಂಬಿಯೊಂದರಿಂದ ಮರಳುವ ಬೆಳಕು ವೃತ್ತೀಯ ಧ್ರುವೀಕೃತವಾಗಿದೆ ಎಂದು ವರದಿ ಮಾಡಿದರು. ಅವುಗಳ ಮೈಮೇಲಿನ ಕೈಟಿನ್ ನಾರುಗಳು ಎಡಸುತ್ತಿನ ಸುರುಳಿಯಲ್ಲಿ ಜೋಡಣೆಯಾಗಿರುತ್ತವೆ, ಎಡಸುತ್ತಿನ ಬೆಳಕನ್ನೇ ಹಿಂದಿರುಗಿಸುತ್ತವೆ. ಮೈಕೆಲ್‌ಸನ್ ನೋಡಿದ ಪ್ರಭೇದದಲ್ಲಿ ಇನ್ನೊಂದು ಸೊಗಸಿದೆ: ಎರಡು ಎಡಸುರುಳಿ ಪದರಗಳ ನಡುವೆ ಅರ್ಧ-ತರಂಗ ಫಲಕದಂತೆ ಕೆಲಸ ಮಾಡುವ ಪದರವೊಂದಿದ್ದು, ಮೇಲಿನ ಪದರ ದಾಟಿಬಂದ ಬಲಸುತ್ತಿನ ಬೆಳಕನ್ನು ಅದು ಎಡಕ್ಕೆ ತಿರುಗಿಸುತ್ತದೆ, ಕೆಳಗಿನ ಪದರ ಅದನ್ನು ಹಿಂದಿರುಗಿಸುತ್ತದೆ. ಹೀಗೆ 50%ರ ಮಿತಿಯನ್ನೇ ಆ ದುಂಬಿ ದಾಟಿದೆ.

ಹಂತ 6: ಸಂಖ್ಯೆ ಬರೆಯಿರಿ

ಕಣ್ಣಿನ ಸಾಕ್ಷಿ ಸಾಲದು. ಹ್ಯಾಲೊಜೆನ್ ದೀಪ, ಫೈಬರ್ ಸ್ಪೆಕ್ಟ್ರೋಮೀಟರ್, ಒಂದು ರೇಖೀಯ ಧ್ರುವಕ, ಒಂದು ಕಾಲು-ತರಂಗ ಫಲಕ ಬೇಕು. ಮಾದರಿಯಿಂದ ಬರುವ ಬೆಳಕಿಗೆ ಮೊದಲು ಫಲಕ, ನಂತರ ಧ್ರುವಕ. ಎರಡರ ಅಕ್ಷಗಳ ನಡುವೆ +45 ಡಿಗ್ರಿ ಇದ್ದಾಗ ಒಂದು ಸುತ್ತು, −45 ಇದ್ದಾಗ ಇನ್ನೊಂದು. ಸರಿಹೊಂದಿದೆಯೇ ಎಂದು ತಿಳಿಯಲು ಇದೇ ಜೋಡಿಯನ್ನು ಕನ್ನಡಿ ಮೇಲಿಟ್ಟು, ಧ್ರುವಕದ ಕಡೆಯಿಂದ ನೋಡಿ. ಕಪ್ಪಾಗಿ ಕಂಡರೆ ಸರಿ.

550 ನ್ಯಾನೋಮೀಟರಿಗೆ ಮಾಡಿದ ಸಾಮಾನ್ಯ ಫಲಕ 450ರಲ್ಲಿ 90 ಡಿಗ್ರಿ ಬದಲು ಸುಮಾರು 110 ಡಿಗ್ರಿ ವಿಳಂಬ ಕೊಡುತ್ತದೆ, 650ರಲ್ಲಿ ಸುಮಾರು 76. ಎಲ್ಲ ಬಣ್ಣಗಳಿಗೂ ಹೊಂದುವಂತೆ ಹಲವು ಫಲಕಗಳನ್ನು ಜೋಡಿಸುವ ಉಪಾಯವನ್ನು 1955ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಪ್ರಕಟಿಸಿದರು. ಆಗ ಅವರಿಗೆ 21ರ ಆಸುಪಾಸು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿರುವ ಎಷ್ಟೋ ವಿಶಾಲವ್ಯಾಪ್ತಿಯ ಫಲಕಗಳ ಹಿಂದೆ ಆ ಉಪಾಯವೇ ಇದೆ. ನಾವು ನೋಡುತ್ತಿರುವ ಈ ಅಂಟಿನಂಥ ಸುರುಳಿ ದ್ರವಹರಳುಗಳ (ದ್ರವದಂತೆ ಹರಿದರೂ ಅಣುಗಳು ಸಾಲಾಗಿ ಜೋಡಣೆಯಾಗುವ ವಸ್ತುಗಳ) ದ್ಯುತಿಗುಣದ ಸಿದ್ಧಾಂತಕ್ಕೂ ಕರ್ನಾಟಕದ ಕೊಡುಗೆ ಸಣ್ಣದಲ್ಲ: ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ, ನಂತರ ರಾಮನ್ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು ಅದನ್ನು ಬೆಳೆಸಿದರು.

ಎರಡು ರೋಹಿತಗಳು ಸಿಕ್ಕ ಮೇಲೆ ಜಿ-ಫ್ಯಾಕ್ಟರ್, ಅಂದರೆ ಎಡ-ಬಲ ವ್ಯತ್ಯಾಸದ ಅಳತೆ, ಲೆಕ್ಕ ಹೀಗೆ: ಎಡದಿಂದ ಬಲವನ್ನು ಕಳೆದು, 2ರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ಉತ್ತರ −2ರಿಂದ +2ರ ನಡುವೆ ಇರುತ್ತದೆ. ಉದಾಹರಣೆಗೆ ಬಲಸುತ್ತಿನ ಪ್ರತಿಫಲನ 0.40, ಎಡಸುತ್ತಿನದು 0.05 ಎಂದುಕೊಳ್ಳಿ; ಉತ್ತರ −1.56. ಗಾಜಿನ ಮೇಲ್ಮೈಯದು 0.04 ಎಂದು ಎರಡರಿಂದಲೂ ಕಳೆದರೆ ಅದು −1.89 ಆಗುತ್ತದೆ. ಮೇಲ್ಮೈ ಹೊಳಪು ಕಳೆದಿದ್ದೀರೋ ಇಲ್ಲವೋ ಎಂದು ಬರೆಯದೆ ಈ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ.

ಹಂತ 7: ಎಡಸುತ್ತಿನ ಜೋಡಿ

ಸೆಲ್ಯುಲೋಸ್ ನ್ಯಾನೋಹರಳುಗಳ ತಯಾರಾದ ದ್ರಾವಣ ಕೊಂಡುಕೊಳ್ಳಿ. ಅದನ್ನು ತಯಾರಿಸಲು ಗಾಢ ಸಲ್ಫ್ಯೂರಿಕ್ ಆಮ್ಲ ಬೇಕು, ಮನೆಯಲ್ಲಿ ಪ್ರಯತ್ನಿಸಬೇಡಿ. ಸುಮಾರು 3% ದ್ರಾವಣವನ್ನು ಪೆಟ್ರಿ ತಟ್ಟೆಯಲ್ಲಿ ಸುರಿದು, ಅಲುಗಾಡದ ಜಾಗದಲ್ಲಿ, ಅರೆಮುಚ್ಚಿ ನಿಧಾನವಾಗಿ ಒಣಗಲು ಬಿಡಿ. ಒಣಗಿದ ಪೊರೆ ಎಡಸುತ್ತಿನ ಬೆಳಕನ್ನು ಪ್ರತಿಫಲಿಸುತ್ತದೆ. ಬಣ್ಣ ನೀಲಿಯ ಕಡೆಗೆ ಬೇಕಾದರೆ ಉಪ್ಪು ಅತ್ಯಲ್ಪ ಸೇರಿಸಿ, ಕೆಂಪಿನ ಕಡೆಗೆ ಬೇಕಾದರೆ ಅಲ್ಟ್ರಾಸೌಂಡಿನಲ್ಲಿ ಹೆಚ್ಚು ಹೊತ್ತು ಇಡಿ.

ಎರಡೂ ಮಾದರಿಗಳ ಮೂಲ ಒಂದೇ ಸೆಲ್ಯುಲೋಸ್, ಅದೇ ಗ್ಲೂಕೋಸ್ ಕೊಂಡಿಗಳು. ಆದರೂ ಒಂದು ಬಲಕ್ಕೆ ಸುತ್ತಿತು, ಇನ್ನೊಂದು ಎಡಕ್ಕೆ. ಅಣುವಿನ ಎಡ-ಬಲವನ್ನು ನೋಡಿ ನ್ಯಾನೋರಚನೆಯ ಎಡ-ಬಲವನ್ನು ಊಹಿಸಲಾಗದು, ಅಳೆದೇ ತಿಳಿಯಬೇಕು.

ಹಂತ 8: ಲೋಹಕ್ಕೆ ಬಂದಾಗ

ಚಿನ್ನ, ಬೆಳ್ಳಿಯ ರಚನೆಗಳಲ್ಲಿ ನೂರಾರು ಪದರ ಬೇಕಿಲ್ಲ. ಎರಡು ಚಿನ್ನದ ಕಡ್ಡಿಗಳನ್ನು ಒಂದರ ಮೇಲೊಂದು, ಅಂತರ ಬಿಟ್ಟು, ಲಂಬಕೋನದಲ್ಲಿ, ತುದಿಗಳು ಎದುರಾಗುವಂತೆ ಇಟ್ಟರೆ ಅಷ್ಟೇ ಸಾಕು. ಬೆಳಕು ಮೊದಲ ಕಡ್ಡಿಯ ಎಲೆಕ್ಟ್ರಾನುಗಳನ್ನು ತೂಗಾಡಿಸಿ, ಎರಡನೆಯದನ್ನು ತಲುಪುವಷ್ಟರಲ್ಲಿ ಅದರ ಕ್ಷೇತ್ರ ಒಂದು ಕಡೆಗೆ ತಿರುಗಿರುತ್ತದೆ. ಒಂದು ಸುತ್ತಿನ ಬೆಳಕು ಎರಡೂ ಕಡ್ಡಿಗಳ ಜೊತೆಯಾದ ಒಂದು ಕಂಪನವನ್ನು, ಇನ್ನೊಂದು ಸುತ್ತಿನದು ಬೇರೆ ಶಕ್ತಿಯ ಇನ್ನೊಂದು ಕಂಪನವನ್ನು ಹೆಚ್ಚಾಗಿ ಎಬ್ಬಿಸುತ್ತದೆ. ಹಾಗಾಗಿ ವೃತ್ತೀಯ ದ್ವಿವರ್ಣತೆಯ (ಎಡ-ಬಲ ಸುತ್ತಿನ ಬೆಳಕಿನ ಹೀರಿಕೆಯ ವ್ಯತ್ಯಾಸದ) ರೋಹಿತದಲ್ಲಿ ಪಕ್ಕಪಕ್ಕದಲ್ಲೇ ಒಂದು ಏರು, ಒಂದು ಇಳಿ. ಬಾರ್ನ್-ಕೂನ್ ಮಾದರಿ ಎಂದು ಇದಕ್ಕೆ ಹೆಸರು.

2012ರಲ್ಲಿ ಡಿಎನ್‌ಎ ಒರಿಗಾಮಿ (ಡಿಎನ್‌ಎ ಎಳೆಗಳನ್ನು ಮಡಿಸಿ ಬೇಕಾದ ಆಕಾರ ಕಟ್ಟುವ ವಿಧಾನ) ಕಂಬದ ಸುತ್ತ 10 ನ್ಯಾನೋಮೀಟರಿನ 9 ಚಿನ್ನದ ಕಣಗಳನ್ನು ಎಡಕ್ಕೂ ಬಲಕ್ಕೂ ಸುತ್ತಿ ಜೋಡಿಸಿದ ಸಂಶೋಧಕರಿಗೆ ಇಂಥ ಏರಿಳಿತವೇ ಕಂಡಿತು, ಒಂದರದ್ದು ಇನ್ನೊಂದರ ಕನ್ನಡಿ ಪ್ರತಿಬಿಂಬದಂತೆ. ಅದಕ್ಕೂ ಮೊದಲು 2009ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ತಂಡ ಲೇಸರಿನಿಂದ ಕೊರೆದ ಅಚ್ಚಿನಲ್ಲಿ ಚಿನ್ನದ ಸುರುಳಿ ಬೆಳೆಸಿ, 3.5ರಿಂದ 7.5 ಮೈಕ್ರೋಮೀಟರ್ ವ್ಯಾಪ್ತಿಯ ಅವಕೆಂಪು ಬೆಳಕಿಗೆ ವೃತ್ತೀಯ ಧ್ರುವಕ ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ಗುಂಪು ಓರೆಯಾಗಿ ಆವಿ ಹಾಯಿಸುತ್ತಾ ತಟ್ಟೆಯನ್ನು ತಿರುಗಿಸುವ ವಿಧಾನದಿಂದ ಸುರುಳಿ ನ್ಯಾನೋರಚನೆಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಅವುಗಳ ಕೈರಲ್ ದ್ಯುತಿಗುಣವನ್ನು ಅಧ್ಯಯನ ಮಾಡಿದೆ.

ಲೋಹದ ಮಾದರಿಯನ್ನು ನೀವು ಸಿಡಿ (ವೃತ್ತೀಯ ದ್ವಿವರ್ಣತೆ) ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುವುದಾದರೆ ಕೆಲವು ಮಾತು. ಯಂತ್ರ ಮಿಲಿಡಿಗ್ರಿಯಲ್ಲಿ ಉತ್ತರ ಕೊಡುತ್ತದೆ. ಅದನ್ನು 32,980ರಿಂದ ಭಾಗಿಸಿದರೆ ಎಡ-ಬಲ ಹೀರಿಕೆಯ ವ್ಯತ್ಯಾಸ ಸಿಗುತ್ತದೆ. ದ್ರಾವಣದಲ್ಲಿ ಕಣಗಳು ಎಲ್ಲ ದಿಕ್ಕಿಗೂ ತೇಲುತ್ತಿದ್ದರೆ ರೇಖೀಯ ಗುಣಗಳು ಸರಾಸರಿಯಲ್ಲಿ ಅಳಿಸಿಹೋಗುತ್ತವೆ. ಗಾಜಿನ ಮೇಲೆ ಒಂದೇ ದಿಕ್ಕಿಗೆ ನಿಂತ ರಚನೆಗಳಲ್ಲಿ ಹಾಗಾಗದು: ರೇಖೀಯ ದ್ವಿವರ್ಣತೆಯೂ (ಕಂಪನದ ದಿಕ್ಕಿಗೆ ತಕ್ಕಂತೆ ಬೇರೆಬೇರೆ ಹೀರಿಕೆ) ರೇಖೀಯ ದ್ವಿವಕ್ರೀಭವನವೂ (ದಿಕ್ಕಿಗೆ ತಕ್ಕಂತೆ ಬೇರೆಬೇರೆ ವೇಗ) ಸೇರಿಕೊಂಡು ಕೈರಾಲಿಟಿಯ ವೇಷ ಹಾಕಿ ಬರುತ್ತವೆ. ಆದ್ದರಿಂದ ಮಾದರಿಯನ್ನು 0, 45, 90, 135 ಡಿಗ್ರಿಗಳಲ್ಲಿ ತಿರುಗಿಸಿ, ಪ್ರತಿ ಸಲವೂ ಮಗುಚಿ ಅಳೆಯಿರಿ. ತಿರುಗಿಸಿದಾಗ ಅಥವಾ ಮಗುಚಿದಾಗ ಚಿಹ್ನೆ ಬದಲಾಗುವ ಭಾಗವನ್ನು ತೆಗೆದುಹಾಕಿ. ಎಡಸುರುಳಿಯದನ್ನೂ ಬಲಸುರುಳಿಯದನ್ನೂ ಒಂದೇ ದಿನ, ಒಂದೇ ಜೋಡಣೆಯಲ್ಲಿ ಅಳೆದು ಎರಡು ರೋಹಿತಗಳನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಎರಡನ್ನೂ ಕೂಡಿದಾಗ ಶೂನ್ಯ ರೇಖೆ ಬರಬೇಕು. ಬರದೆ ಉಳಿದದ್ದು ಎಷ್ಟಿದೆಯೋ ನಿಮ್ಮ ಅಳತೆಯ ದೋಷ ಕನಿಷ್ಠ ಅಷ್ಟು, ಅದನ್ನೂ ಗ್ರಾಫಿನಲ್ಲಿ ತೋರಿಸಿ.